ಊರ ಓಟವೂ ವಯಸ್ಸಿನ ಗೆರೆಯೂ

ಹರೆಯದಲ್ಲಿ ತನ್ನ ಊರಿನ ಓಟದ ಸ್ಪರ್ಧೆಯಲ್ಲಿ ಓಡಿ, ನೌಕರಿ ಮತ್ತು ಸಂಸಾರದ ಹೊಣೆ ಹೆಗಲೇರಿದ ಮೇಲೆ ಅದನ್ನು ಬಿಟ್ಟು, ಐವತ್ತು ಅರವತ್ತರ ಪ್ರಾಯದಲ್ಲಿ ಮತ್ತೆ ಅದೇ ಸ್ಪರ್ಧೆಗೆ ಹೆಸರು ಬರೆಸಲು ಬರುವವರ ಬಗ್ಗೆ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ಓಟ ಎಳೆಯರದು, ನಡಿಗೆ ಹಿರಿಯರದು ಎಂಬುದು ಅದರ ಸಾರ. ಈ ಅಭಿಪ್ರಾಯಕ್ಕೆ ಮೂರು ವೇಷಗಳಿವೆ: ವೈದ್ಯಕೀಯ ಎಚ್ಚರಿಕೆಯಾಗಿ ಬಂದಾಗ ಅದು ಮೊಣಕಾಲು ಮತ್ತು ಹೃದಯದ ಮಾತಾಡುತ್ತದೆ, ಲೋಕರೂಢಿಯಾಗಿ ಬಂದಾಗ ವಯಸ್ಸಿಗೆ ತಕ್ಕ ಗಾಂಭೀರ್ಯದ ಮಾತಾಡುತ್ತದೆ, ಮೆಚ್ಚುಗೆಯಾಗಿ ಬಂದಾಗ ಹಿರಿಯ ಓಟಗಾರನಿಗೆ ಶಾಲು ಹೊದಿಸಿ, ಅವನು ಓಡಿದ ಸಮಯವನ್ನು ಮಾತ್ರ ಬರೆದುಕೊಳ್ಳದೆ ಕಳುಹಿಸಿಕೊಡುತ್ತದೆ. ಸ್ಪರ್ಧೆಯೆಂಬುದು ದೇಹದ ಏರುಗಾಲದಲ್ಲಿರುವವರ ಸೊತ್ತು, ಇಳಿಗಾಲದವರು ಅಲ್ಲಿ ಅತಿಥಿಗಳು ಎಂಬ ಒಂದೇ ನಂಬಿಕೆಯ ಮೇಲೆ ಈ ಮೂರೂ ನಿಂತಿವೆ. ಬೀದರ ನಗರದ ನೌಬಾದ ಮತ್ತು ಅದರ ಸುತ್ತಲಿನ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಿದರೆ, ಈ ನಂಬಿಕೆಗೆ ಶರೀರಶಾಸ್ತ್ರದ ಬೆಂಬಲಕ್ಕಿಂತ ನೇಮಕಾತಿ ನಿಯಮಗಳ ಮತ್ತು ಸಂಘಟಕರ ಅಭ್ಯಾಸದ ಬೆಂಬಲವೇ ಹೆಚ್ಚೆಂದು ಕಾಣುತ್ತದೆ. ಹಿರಿಯರನ್ನು ಸ್ಪರ್ಧಿಗಳೆಂದು ಒಪ್ಪದ ಓಟಕ್ಕೆ ಊರಿನ ಹೆಸರು ಇಟ್ಟುಕೊಳ್ಳುವ ಅಧಿಕಾರವಿಲ್ಲವೆಂಬುದು ಇಲ್ಲಿನ ವಾದ.

ಈ ನಂಬಿಕೆಯ ಸ್ಥಳೀಯ ಬೇರನ್ನು ಮೊದಲು ಗುರುತಿಸಬೇಕು. ಬೀದರ, ಭಾಲ್ಕಿ, ಔರಾದ ಭಾಗದಲ್ಲಿ ನಸುಕಿನಲ್ಲೇ ಎದ್ದು ರಸ್ತೆಗಿಳಿದು ಓಡುವ ಅನೇಕ ಯುವಕರ ಗುರಿ ಪದಕವಾಗಿರುವುದಿಲ್ಲ. ಅದು ಭರ್ತಿ, ಅಂದರೆ ಪೊಲೀಸ್ ಅಥವಾ ಸೇನೆಯ ನೇಮಕಾತಿ. ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರನ್ನು 6 ನಿಮಿಷ 30 ಸೆಕೆಂಡುಗಳೊಳಗೆ, ಮಹಿಳೆಯರು 400 ಮೀಟರನ್ನು 2 ನಿಮಿಷಗಳೊಳಗೆ ಓಡಿ ಮುಗಿಸಬೇಕು. ಸೇನೆಯ ಅಗ್ನಿಪಥ ಯೋಜನೆ 2022ರಲ್ಲಿ ಪ್ರಕಟವಾದಾಗ ಅದರ ವಯೋಮಿತಿಯನ್ನು ಹದಿನೇಳೂವರೆಯಿಂದ ಇಪ್ಪತ್ತೊಂದು ವರ್ಷ ಎಂದು ಗೊತ್ತುಪಡಿಸಲಾಗಿತ್ತು. ಸಂವಿಧಾನದ 98ನೆಯ ತಿದ್ದುಪಡಿಯಿಂದ ಸೇರ್ಪಡೆಯಾಗಿ, ಅಂದಿನ ಹೈದರಾಬಾದ್ ಕರ್ನಾಟಕಕ್ಕೆ ಉದ್ಯೋಗದಲ್ಲಿ ಸ್ಥಳೀಯ ಮೀಸಲಾತಿಯ ದಾರಿ ತೆರೆದ 371(ಜೆ) ವಿಧಿ ಸರ್ಕಾರಿ ನೌಕರಿಯ ಆಸೆಗೆ ಇನ್ನಷ್ಟು ಬಲ ಕೊಟ್ಟಿತು. ಬಡ ಕುಟುಂಬದ ಹುಡುಗನಿಗೆ ಓಟ ಒಂದು ಸಂಬಳದ ಬಾಗಿಲಾಗುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಓಟವನ್ನು ಭರ್ತಿಯ ಕಣ್ಣಿನಿಂದಲೇ ನೋಡಿ ನೋಡಿ, ವಯೋಮಿತಿ ದಾಟಿದವನಿಗೆ ಓಡುವುದಕ್ಕೆ ಕಾರಣವೇ ಉಳಿದಿಲ್ಲವೆಂದು ಇಡೀ ಊರು ಭಾವಿಸತೊಡಗಿದಾಗ, ಇಲಾಖೆಯೊಂದು ತನ್ನ ಅನುಕೂಲಕ್ಕೆ ಎಳೆದ ಗೆರೆ ನಿಸರ್ಗನಿಯಮದ ಸ್ಥಾನವನ್ನು ಪಡೆದುಬಿಡುತ್ತದೆ. ‘ಈ ವಯಸ್ಸಿನಾಗ ಓಡಾದು ಯಾಕ್ ಬೇಕ್ರಿ’ ಎಂಬ ಪ್ರಶ್ನೆಯ ಹಿಂದೆ ಅಡಗಿರುವುದು ಈ ಗೆರೆಯೇ.

ಸಾರ್ವಜನಿಕ ಕ್ರೀಡಾ ವ್ಯವಸ್ಥೆ ಇದೇ ಗೆರೆಯನ್ನು ಮತ್ತೊಂದು ಬಗೆಯಲ್ಲಿ ಎಳೆಯುತ್ತದೆ. ತಾಲ್ಲೂಕು ಮಟ್ಟದಿಂದ ಆರಂಭವಾಗಿ ಜಿಲ್ಲೆ ಮತ್ತು ವಿಭಾಗ ಮಟ್ಟಗಳನ್ನು ದಾಟಿ ಮೈಸೂರಿನವರೆಗೆ ಸಾಗುವ ದಸರಾ ಕ್ರೀಡಾಕೂಟ, ಅಕ್ಟೋಬರ್ 31ರ ಏಕತಾ ಓಟ, ಮತದಾನ ಅಥವಾ ಆರೋಗ್ಯದ ಅರಿವು ಮೂಡಿಸಲು ನಡೆಯುವ ರಸ್ತೆ ಓಟಗಳು ಜಿಲ್ಲಾ ಕೇಂದ್ರದ ಓಟಗಾರನಿಗೆ ಸುಲಭವಾಗಿ ಎಟುಕುವ ಸ್ಪರ್ಧೆಗಳು. ಇಂಥ ಓಟಗಳಲ್ಲಿ ಸಾಮಾನ್ಯವಾಗಿ ಇರುವುದು ಪುರುಷರು ಮತ್ತು ಮಹಿಳೆಯರು ಎಂಬ ಎರಡೇ ವಿಭಾಗ; ಐವತ್ತೈದರ ಶಿಕ್ಷಕ ಮತ್ತು ಹತ್ತೊಂಬತ್ತರ ಭರ್ತಿ ಅಭ್ಯರ್ಥಿ ಒಂದೇ ಪಟ್ಟಿಯಲ್ಲಿ ನಿಲ್ಲುತ್ತಾರೆ. ಹಿರಿಯರಿಗಾಗಿಯೇ ಮೀಸಲಾದ ದಿನ ಅಕ್ಟೋಬರ್ 1ರ ವಿಶ್ವ ಹಿರಿಯ ನಾಗರಿಕರ ದಿನಾಚರಣೆ. ಅಲ್ಲಿ ಬಿರುಸಿನ ನಡಿಗೆ, ಸಂಗೀತ ಕುರ್ಚಿ, ಬಕೆಟ್ಟಿಗೆ ಚೆಂಡು ಎಸೆಯುವ ಆಟಗಳಂಥವು ನಡೆಯುತ್ತವೆ. 2008ರಲ್ಲಿ ಆರಂಭವಾದ ಬೆಂಗಳೂರಿನ ಹತ್ತು ಕಿಲೋಮೀಟರ್ ಓಟದಂಥ ದೊಡ್ಡ ಸ್ಪರ್ಧೆಯೂ ಹಿರಿಯ ನಾಗರಿಕರಿಗೆಂದು ಬೇರೆಯೇ ಕಿರುದೂರದ ಓಟವನ್ನು ಇಟ್ಟುಕೊಂಡು ಬಂದಿದೆ. ಹೀಗೆ ಒಂದು ಕಡೆ ಹಿರಿಯರನ್ನು ಯುವಕರೊಡನೆ ಹೋಲಿಸಿ ಸೋಲಿಸಲಾಗುತ್ತದೆ, ಇನ್ನೊಂದು ಕಡೆ ಸ್ಪರ್ಧೆಯೇ ಅಲ್ಲದ ವಿನೋದಕ್ಕೆ ಕಳುಹಿಸಲಾಗುತ್ತದೆ. ಅದೇ ದೂರವನ್ನು ಅದೇ ದಾರಿಯಲ್ಲಿ ಓಡಿ, ತಮ್ಮ ವಯಸ್ಸಿನವರ ನಡುವೆ ತಮ್ಮ ಸ್ಥಾನ ಯಾವುದೆಂದು ತಿಳಿಯುವ ಅವಕಾಶ ಎರಡೂ ಕಡೆ ಇಲ್ಲ.

ಮೊಣಕಾಲಿನ ವಾದ ಇವೆಲ್ಲಕ್ಕಿಂತ ಹೆಚ್ಚು ಜನಪ್ರಿಯ. ಓಡುವವರ ಮೊಣಕಾಲು ಯಂತ್ರದ ಬಿಡಿಭಾಗದಂತೆ ಸವೆಯುತ್ತದೆ ಎಂಬ ಈ ಕಲ್ಪನೆ ಮೃದ್ವಸ್ಥಿಯ, ಅಂದರೆ ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ನುಣುಪಾದ ಅಂಗಾಂಶದ, ಸ್ವಭಾವವನ್ನೇ ಮರೆಯುತ್ತದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಭಾರ ಬಿದ್ದಾಗ ಒತ್ತಿಕೊಂಡು, ಭಾರ ಇಳಿದಾಗ ಹಿಗ್ಗಿ, ಸುತ್ತಲಿನ ದ್ರವದಿಂದ ಅದು ಪೋಷಣೆ ಪಡೆಯುತ್ತದೆ. ಬಳಕೆಯೇ ಅದರ ಆಹಾರದ ದಾರಿ. 2017ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಒಂದು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ವಿಶ್ಲೇಷಿಸಿದ ಸಮೀಕ್ಷೆಯಲ್ಲಿ, ಸೊಂಟ ಮತ್ತು ಮೊಣಕಾಲಿನ ಸವೆತದ ಸಂಧಿವಾತ ಹವ್ಯಾಸಿ ಓಟಗಾರರಲ್ಲಿ ಶೇ. 3.5ರಷ್ಟು, ಓಡದೆ ಕುಳಿತಿರುವವರಲ್ಲಿ ಶೇ. 10.2ರಷ್ಟು ಕಂಡುಬಂತು. ಅದೇ ಸಮೀಕ್ಷೆಯಲ್ಲಿ ಉನ್ನತ ಮಟ್ಟದ ಸ್ಪರ್ಧಾಳುಗಳಲ್ಲಿ ಪ್ರಮಾಣ ಶೇ. 13.3 ಇತ್ತೆಂಬುದನ್ನೂ ಮುಚ್ಚಿಡಬೇಕಾಗಿಲ್ಲ, ಏಕೆಂದರೆ ಆ ಅಂಕಿ ಅತಿಯಾದ ಓಟದ ಬಗ್ಗೆ ಎಚ್ಚರಿಸುತ್ತದೆಯೇ ಹೊರತು ವಾರಕ್ಕೆ ಮೂರು ನಾಲ್ಕು ದಿನ ಓಡಿ, ವರ್ಷಕ್ಕೊಮ್ಮೆ ಊರ ಓಟಕ್ಕೆ ನಿಲ್ಲುವವರ ಬಗ್ಗೆ ಅಲ್ಲ. ಮೊಣಕಾಲು ಗಟ್ಟಿಯಿರುವವರೇ ಓಟದಲ್ಲಿ ಉಳಿಯುತ್ತಾರೆ, ನೋವಿರುವವರು ಮೊದಲೇ ಬಿಟ್ಟಿರುತ್ತಾರೆ, ಆದ್ದರಿಂದ ಈ ಹೋಲಿಕೆ ಪೂರ್ತಿ ಸಮವಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಆ ಆಕ್ಷೇಪ ಓಟದ ಲಾಭವನ್ನು ಕಡಿಮೆ ಮಾಡಿ ಹೇಳಬಲ್ಲುದೇ ಹೊರತು, ಓಟ ಮೊಣಕಾಲನ್ನು ತಿನ್ನುತ್ತದೆ ಎಂಬ ಜನಪ್ರಿಯ ನಂಬಿಕೆಗೆ ಸಾಕ್ಷಿಯನ್ನು ಒದಗಿಸಲಾರದು. ಹಳೆಯ ಗಾಯ, ಅತಿತೂಕ, ತಿಂಗಳುಗಟ್ಟಲೆ ಸುಮ್ಮನಿದ್ದು ಒಮ್ಮೆಲೇ ದೂರ ಹೆಚ್ಚಿಸುವ ಆತುರ, ಇವು ನಿಜವಾದ ಅಪಾಯಗಳು. ಇವುಗಳಲ್ಲಿ ಯಾವುದೂ ಹುಟ್ಟಿದ ವರ್ಷವನ್ನು ನೋಡಿಕೊಂಡು ಬರುವುದಿಲ್ಲ.

ಹೃದಯದ ವಾದಕ್ಕೆ ಇದಕ್ಕಿಂತ ಹೆಚ್ಚಿನ ತೂಕವಿದೆ, ಆದ್ದರಿಂದ ಅದಕ್ಕೆ ಹೆಚ್ಚಿನ ಎಚ್ಚರದ ಉತ್ತರವೂ ಬೇಕು. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನ, 2000ದಿಂದ 2010ರ ನಡುವೆ ಅಲ್ಲಿ ಮ್ಯಾರಥಾನ್ ಮತ್ತು ಅರ್ಧ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಸ್ಪರ್ಧಿಗಳಲ್ಲಿ 59 ಮಂದಿಗೆ ಹೃದಯಸ್ತಂಭನವಾಯಿತೆಂದು, ಅಂದರೆ 1,84,000 ಸ್ಪರ್ಧಿಗಳಿಗೆ ಒಬ್ಬರಂತೆ ಎಂದು ಲೆಕ್ಕ ಹಾಕಿತು; ಹಾಗೆ ಕುಸಿದವರ ಸರಾಸರಿ ವಯಸ್ಸು 42ರಷ್ಟಿತ್ತು. ಇವು 42.195 ಮತ್ತು 21.1 ಕಿಲೋಮೀಟರ್‌ಗಳ ಓಟಗಳು. ಊರಿನ ಓಟಗಳು ಐದೋ ಹತ್ತೋ ಕಿಲೋಮೀಟರ್‌ಗಳಲ್ಲಿ ಮುಗಿಯುತ್ತವೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 1984ರಿಂದ ಐವತ್ತು ಮೀರಿದ 538 ಓಟಗಾರರನ್ನೂ 423 ಇತರ ಆರೋಗ್ಯವಂತರನ್ನೂ ಜೊತೆಜೊತೆಗೆ ಗಮನಿಸುತ್ತ ಬಂದಾಗ, 19 ವರ್ಷಗಳ ಕೊನೆಗೆ ಓಟಗಾರರಲ್ಲಿ ಶೇ. 15ರಷ್ಟು, ಇತರರಲ್ಲಿ ಶೇ. 34ರಷ್ಟು ಮಂದಿ ತೀರಿಕೊಂಡಿದ್ದರು. ಬದುಕಿದ್ದ ಓಟಗಾರರಲ್ಲಿ ಅಂಗಬಲ ಕುಗ್ಗುವುದೂ ವರ್ಷಗಳಷ್ಟು ತಡವಾಗಿತ್ತು. ಭಾರತೀಯರಲ್ಲಿ ಸಕ್ಕರೆ ಕಾಯಿಲೆ ಮತ್ತು ಹೃದ್ರೋಗ ಎಳೆಯ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತಿರುವಾಗ, ಬಹುಕಾಲದ ನಂತರ ಓಟಕ್ಕೆ ಹಿಂತಿರುಗುವವರು ರಕ್ತದೊತ್ತಡ, ಸಕ್ಕರೆ, ಹೃದಯಗಳ ತಪಾಸಣೆ ಮಾಡಿಸಿಕೊಳ್ಳಬೇಕೆಂಬುದು ಒಪ್ಪತಕ್ಕ ಮಾತು. ಆದರೆ ತಪಾಸಣೆಯ ಉದ್ದೇಶ ಯಾರು ಹೇಗೆ ಓಡಬೇಕೆಂದು ತಿಳಿಯುವುದು. ಓಡಲೇಬಾರದೆಂಬ ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ವೈದ್ಯರ ಸಹಿ ಹುಡುಕುವುದು ತಪಾಸಣೆಯಲ್ಲ.

ವೈದ್ಯಕೀಯದ ಹೆಸರಿನಲ್ಲಿ ಲೋಕರೂಢಿ ಮಾತಾಡಿದ ನಿದರ್ಶನಗಳು ಓಟದ ಇತಿಹಾಸದಲ್ಲಿ ಬೇಕಾದಷ್ಟಿವೆ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರು 800 ಮೀಟರ್ ಓಡಿ ದಣಿದದ್ದನ್ನೇ ಪತ್ರಿಕೆಗಳು ಕುಸಿತವೆಂದು ಬಣ್ಣಿಸಿದ ಮೇಲೆ, ಆ ಸ್ಪರ್ಧೆಯನ್ನು 1960ರವರೆಗೆ ಮಹಿಳೆಯರಿಗೆ ಮುಚ್ಚಲಾಯಿತು; ಮಹಿಳೆಯರ ಮ್ಯಾರಥಾನ್ ಒಲಿಂಪಿಕ್ಸ್ ಸೇರಲು 1984 ಬರಬೇಕಾಯಿತು. ಅಮೆರಿಕದ ಕ್ಲಾರೆನ್ಸ್ ಡಿಮಾರ್‌ಗೆ 1911ರಲ್ಲಿ ಹೃದಯದ ಬಡಿತದಲ್ಲಿ ಅಸಹಜ ಸದ್ದು ಕೇಳಿಸುತ್ತಿದೆಯೆಂದು ಹೇಳಿ ಓಟ ಬಿಡುವಂತೆ ವೈದ್ಯರು ಸೂಚಿಸಿದ್ದರು. ಅದೇ ವರ್ಷ ಬಾಸ್ಟನ್ ಮ್ಯಾರಥಾನ್ ಗೆದ್ದ ಅವರು ಮುಂದೆ ಅದನ್ನು ಇನ್ನೂ ಆರು ಬಾರಿ ಗೆದ್ದರು. ಕೊನೆಯ ಗೆಲುವು 1930ರಲ್ಲಿ, 41ನೆಯ ವಯಸ್ಸಿನಲ್ಲಿ. 65ನೆಯ ವಯಸ್ಸಿನಲ್ಲೂ ಅವರು ಅದೇ ಓಟಕ್ಕೆ ನಿಂತಿದ್ದರು. 1958ರಲ್ಲಿ ಅವರು ಕ್ಯಾನ್ಸರ್‌ನಿಂದ ತೀರಿಕೊಂಡ ಬಳಿಕ ನಡೆದ ಪರೀಕ್ಷೆಯಲ್ಲಿ, ಅವರ ಹೃದಯಕ್ಕೆ ರಕ್ತ ಒಯ್ಯುವ ಧಮನಿಗಳು ಸಾಮಾನ್ಯರಿಗಿಂತ ಎರಡು ಮೂರು ಪಟ್ಟು ಅಗಲವಾಗಿದ್ದುದು ಕಂಡುಬಂತು. ಒಬ್ಬರ ದೇಹದಿಂದ ಎಲ್ಲರ ನಿಯಮ ಮಾಡಲಾಗದು. ಆದರೆ ಒಂದು ಕಾಲದಲ್ಲಿ ಪ್ರಶ್ನಾತೀತವೆನಿಸಿದ ನಿಷೇಧ ಮುಂದೆ ಹುರುಳಿಲ್ಲದ್ದೆಂದು ತಿಳಿದುಬರುವ ಸಾಧ್ಯತೆಯನ್ನು ಇಂಥ ಪ್ರಸಂಗಗಳು ತೆರೆದಿಡುತ್ತವೆ.

ವಯಸ್ಸಿಗೆ ತಕ್ಕ ಗಾಂಭೀರ್ಯದ ವಾದಕ್ಕೆ ಬೀದರ ಜಿಲ್ಲೆಯಲ್ಲಂತೂ ನೆಲೆ ಸಿಗುವುದು ಕಷ್ಟ. ಬಸವಕಲ್ಯಾಣ ಇರುವುದು ಈ ಜಿಲ್ಲೆಯಲ್ಲಿ. ಅಲ್ಲಿ ರೂಪುಗೊಂಡ ಕಾಯಕದ ವಿಚಾರ ದೇಹಶ್ರಮಕ್ಕೆ ಘನತೆ ಕೊಟ್ಟಿತೇ ಹೊರತು ಅದಕ್ಕೆ ನಿವೃತ್ತಿಯ ವಯಸ್ಸನ್ನು ಗೊತ್ತುಮಾಡಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು 1890ರಲ್ಲಿ ಹುಟ್ಟಿ 1999ರವರೆಗೆ ಬಾಳಿದರು. ಈ ಸೀಮೆ ಅವರನ್ನು ನೆನೆಯುವುದು ಅವರು ಮಾಡಿದ ಕೆಲಸಕ್ಕಾಗಿ, ಆಯುಷ್ಯದ ಉದ್ದಕ್ಕಾಗಿ ಅಲ್ಲ. ಹೊಲದಲ್ಲಿ ಎಪ್ಪತ್ತರ ರೈತ ತೊಗರಿ ಕೊಯ್ಯುವುದನ್ನು, ಎಪ್ಪತ್ತರ ಅಜ್ಜಿ ಹೊರೆ ಹೊತ್ತು ಮನೆಗೆ ಬರುವುದನ್ನು ಅಸಹಜವೆಂದು ಭಾವಿಸದ ಸಮಾಜ, ಅದೇ ವಯಸ್ಸಿನವರು ಕೂಲಿಯ ಹಂಗಿಲ್ಲದೆ ಸ್ವಂತ ಇಚ್ಛೆಯಿಂದ ಓಡಿದರೆ ಮುಜುಗರಪಡುತ್ತದೆ. ಅಂದಮೇಲೆ ಆ ಮುಜುಗರದ ಮೂಲ ದೇಹಶ್ರಮದಲ್ಲಿಲ್ಲ. ಹಿರಿಯರು ತಮಗಾಗಿ ಏನನ್ನಾದರೂ ಬಯಸುವುದನ್ನು, ಅದರಲ್ಲೂ ಗೆಲುವನ್ನು ಬಯಸುವುದನ್ನು, ಸಹಿಸಲಾರದ ಮನೋಭಾವದಲ್ಲಿದೆ.

ಮೂರನೆಯ ವೇಷವಾದ ಮೆಚ್ಚುಗೆ ಮೇಲ್ನೋಟಕ್ಕೆ ಹಿರಿಯ ಓಟಗಾರನ ಪರವಾಗಿ ಕಾಣುವುದರಿಂದ ಅದರ ಖಂಡನೆ ಹೆಚ್ಚು ಅಗತ್ಯ. 2011ರಲ್ಲಿ ಫೌಜಾ ಸಿಂಗ್ ನೂರು ವರ್ಷದವರೆಂದು ಹೇಳಿಕೊಂಡು ಟೊರಾಂಟೊ ಮ್ಯಾರಥಾನ್ ಮುಗಿಸಿದಾಗ ಲೋಕವೆಲ್ಲ ಬೆರಗಾಯಿತು. ಜನನ ದಾಖಲೆಯಿಲ್ಲದ ಕಾರಣ ಗಿನ್ನೆಸ್ ಅದನ್ನು ದಾಖಲಿಸಲಿಲ್ಲ. ಚಂಡೀಗಢದ ಮನ್ ಕೌರ್ 93ರಲ್ಲಿ ಓಟ ಕಲಿತು, 2017ರಲ್ಲಿ 101ನೆಯ ವಯಸ್ಸಿನಲ್ಲಿ ಆಕ್ಲೆಂಡ್‌ನ ವಿಶ್ವ ಮಾಸ್ಟರ್ಸ್ ಕ್ರೀಡಾಕೂಟದ 100 ಮೀಟರ್ ಓಟದಲ್ಲಿ ಚಿನ್ನ ಪಡೆದರು. ಆ ವಯೋವರ್ಗದಲ್ಲಿ ಓಡಿದವರು ಅವರೊಬ್ಬರೇ. ಇವರ ಸಾಧನೆಯನ್ನು ಕಡೆಗಣಿಸುವಂತಿಲ್ಲ. ಆದರೆ ಪತ್ರಿಕೆಗಳೂ ಸನ್ಮಾನ ಸಮಿತಿಗಳೂ ನೂರರವರನ್ನೇ ಹಿರಿಯ ಓಟಗಾರರ ಪ್ರತಿನಿಧಿಗಳನ್ನಾಗಿಸಿದಾಗ, ಐವತ್ತೆರಡರ ಗುಮಾಸ್ತ, ಐವತ್ತೆಂಟರ ಅಂಗನವಾಡಿ ಕಾರ್ಯಕರ್ತೆ, ಅರವತ್ತಮೂರರ ನಿವೃತ್ತ ಚಾಲಕ ಪವಾಡಪುರುಷರೂ ಅಲ್ಲದೆ ಯುವಕರೂ ಅಲ್ಲದೆ ಕಾಣದಾಗುತ್ತಾರೆ. ನೌಬಾದದಲ್ಲಿಯೇ ಇದಕ್ಕೊಂದು ಪಾಠವಿದೆ. ಹದಿನೈದನೆಯ ಶತಮಾನದಲ್ಲಿ ಬಹಮನಿಗಳು ಕಟ್ಟಿಸಿದ ಇಲ್ಲಿನ ಕರೇಜ್, ಅಂದರೆ ನೆಲದೊಳಗೆ ಸಣ್ಣ ಇಳಿಜಾರಿನಲ್ಲಿ ಕೊರೆದು, ಗಾಳಿಗೂ ಹೂಳೆತ್ತುವುದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿಗಳನ್ನು ಬಿಟ್ಟು, ಯಾವ ಯಂತ್ರವೂ ಇಲ್ಲದೆ ನೀರು ತಾನಾಗಿ ಹರಿಯುವಂತೆ ಮಾಡಿದ ಸುರಂಗ ನಾಲೆ, ಬಹುಕಾಲ ಹೂಳು ತುಂಬಿಕೊಂಡಿತ್ತು. ಕಳೆದ ದಶಕದಲ್ಲಿ ಅದನ್ನು ಶುಚಿಗೊಳಿಸುವ ಕೆಲಸ ಕೈಗೊಂಡಾಗ ತಜ್ಞರು ಅದನ್ನು ನೀರಿನ ವ್ಯವಸ್ಥೆಯೆಂದೇ ಪರಿಗಣಿಸಿ ಅದರ ಇಳಿಜಾರನ್ನೂ ಹರಿವನ್ನೂ ಅಳೆದರು. ಹಳೆಯದನ್ನು ಗೌರವಿಸುವ ಸರಿಯಾದ ಕ್ರಮ ಅದು ಈಗ ಏನು ಮಾಡಬಲ್ಲುದೆಂದು ಅಳೆಯುವುದು; ಶಾಲು ಹೊದಿಸಿ ಸಮಯ ಬರೆದುಕೊಳ್ಳದೆ ಕಳುಹಿಸುವುದು ಅದಕ್ಕೆ ತೀರ ವಿರುದ್ಧವಾದ ಕ್ರಮ.

ಅಳತೆಯ ಮಾತು ಬಂದಾಗ, ವಯಸ್ಸು ಬರಿಯ ಸಂಖ್ಯೆ ಎಂಬ ಹುಸಿ ಧೈರ್ಯದ ಮಾತನ್ನೂ ಬಿಟ್ಟುಕೊಡಬೇಕು. ದೇಹ ಒಂದು ನಿಮಿಷದಲ್ಲಿ ಬಳಸಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ ಮೂವತ್ತರ ನಂತರ ದಶಕಕ್ಕೆ ಸುಮಾರು ಶೇ. 10ರಂತೆ ಇಳಿಯುತ್ತದೆ, ಕಠಿಣ ಅಭ್ಯಾಸ ಬಿಡದವರಲ್ಲಿ ಈ ಇಳಿಕೆ ನಿಧಾನವಾಗುತ್ತದೆ. ಹೃದಯದ ಗರಿಷ್ಠ ಬಡಿತವೂ ತಗ್ಗುತ್ತದೆ; 2001ರಲ್ಲಿ ಸಂಶೋಧಕರು ಸೂಚಿಸಿದ ಸೂತ್ರದಂತೆ, ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ, ಇಪ್ಪತ್ತರಲ್ಲಿ 194 ಇರುವ ಬಡಿತ ಅರವತ್ತರಲ್ಲಿ 166ಕ್ಕೆ ಬರುತ್ತದೆ. ಹೀಗಿರುವಾಗ ಅರವತ್ತರವರನ್ನು ಇಪ್ಪತ್ತರವರ ಪಟ್ಟಿಯಲ್ಲಿ ಹಾಕಿ ಕೊನೆಯ ಸ್ಥಾನ ಕೊಡುವುದು ಎಷ್ಟು ಅನ್ಯಾಯವೋ, ಇಳಿಕೆಯೇ ಇಲ್ಲವೆಂದು ನಟಿಸುವುದು ಅಷ್ಟೇ ಅಪ್ರಾಮಾಣಿಕ. ಇದಕ್ಕೆ ಪರಿಹಾರವನ್ನು ಮಾಸ್ಟರ್ಸ್ ಅಥ್ಲೆಟಿಕ್ಸ್, ಅಂದರೆ 35 ತುಂಬಿದವರ ಸಂಘಟಿತ ಸ್ಪರ್ಧೆ, ಎಂದೋ ಕಂಡುಕೊಂಡಿದೆ. 1975ರಲ್ಲಿ ಟೊರಾಂಟೊದಲ್ಲಿ ಮೊದಲ ವಿಶ್ವಕೂಟ ನಡೆಸಿದ ಈ ವ್ಯವಸ್ಥೆ ಸ್ಪರ್ಧಿಗಳನ್ನು ಐದೈದು ವರ್ಷದ ವರ್ಗಗಳಾಗಿ ವಿಂಗಡಿಸುತ್ತದೆ; ಜೊತೆಗೆ ಪ್ರತಿ ವಯಸ್ಸಿಗೂ ಪ್ರತಿ ದೂರಕ್ಕೂ ಒಂದು ಗುಣಾಂಕವನ್ನು ನಿಗದಿಪಡಿಸುತ್ತದೆ. ಉದಾಹರಣೆಗೆ ಒಂದು ವಯಸ್ಸಿನ ಗುಣಾಂಕ 0.80 ಎಂದಿಟ್ಟುಕೊಂಡರೆ, ಆ ವಯಸ್ಸಿನವರ 60 ನಿಮಿಷದ ಓಟ ಯುವಕರ 48 ನಿಮಿಷಕ್ಕೆ ಸಮವೆನಿಸುತ್ತದೆ. ಬಾಸ್ಟನ್ ಮ್ಯಾರಥಾನ್ 2026ರ ಓಟದ ಅರ್ಹತೆಗೆ 18ರಿಂದ 34ರ ಪುರುಷರಿಗೆ 2 ಗಂಟೆ 55 ನಿಮಿಷ, 60ರಿಂದ 64ರವರಿಗೆ 3 ಗಂಟೆ 50 ನಿಮಿಷ, 80 ಮೀರಿದವರಿಗೆ 4 ಗಂಟೆ 50 ನಿಮಿಷ ಎಂದು ಗೊತ್ತುಪಡಿಸಿತು. ಓಟದ ದೂರ ಮಾತ್ರ ಎಲ್ಲರಿಗೂ ಒಂದೇ.

ಅದೇ ದೂರ, ಅದೇ ದಾರಿ ಎಂಬ ಈ ಅಂಶ ಹಿಂತಿರುಗುವ ಓಟಗಾರನ ಪಾಲಿಗೆ ಬಹಳ ಮುಖ್ಯ. ಬಾಸ್ಟನ್ ಬಳಿಯ ಊರಿನವರಾದ ಜಾನ್ ಕೆಲ್ಲಿ ತಮ್ಮ ಪ್ರಾಂತದ ಆ ಓಟವನ್ನು 1935 ಮತ್ತು 1945ರಲ್ಲಿ ಗೆದ್ದು ಅಷ್ಟಕ್ಕೇ ನಿಲ್ಲಿಸಲಿಲ್ಲ. ಒಟ್ಟು 61 ಬಾರಿ ಆರಂಭದ ಗೆರೆಯಲ್ಲಿ ನಿಂತು, 58 ಬಾರಿ ಮುಗಿಸಿ, ಕೊನೆಯ ಬಾರಿ 1992ರಲ್ಲಿ 84ನೆಯ ವಯಸ್ಸಿನಲ್ಲಿ ಓಡಿದರು. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಓಡಿ, ಆಮೇಲೆ ಬಿಟ್ಟು, ಕೆನಡಾದಲ್ಲಿ ನಲವತ್ತು ದಾಟಿದ ಮೇಲೆ ಮತ್ತೆ ಓಟಕ್ಕಿಳಿದ ಎಡ್ ವಿಟ್ಲಾಕ್ 2003ರಲ್ಲಿ 72ನೆಯ ವಯಸ್ಸಿನಲ್ಲಿ 2 ಗಂಟೆ 59 ನಿಮಿಷ 10 ಸೆಕೆಂಡುಗಳಲ್ಲಿ ಮ್ಯಾರಥಾನ್ ಮುಗಿಸಿ, ಎಪ್ಪತ್ತು ಮೀರಿ ಮೂರು ಗಂಟೆಯೊಳಗೆ ಓಡಿದ ಮೊದಲಿಗರಾದರು. ಹಳೆಯ ದಾರಿಗೆ ಮರಳುವವರು ತಮ್ಮ ಇಪ್ಪತ್ತೈದರ ಸಮಯವನ್ನು ಬೆನ್ನಟ್ಟಿದರೆ ಸೋಲು ನಿಶ್ಚಿತ. ಆದರೆ ಕಳೆದ ವರ್ಷದ ತಮ್ಮ ಸಮಯ, ತಮ್ಮ ವರ್ಗದ ಇತರರ ಸಮಯ, ಗುಣಾಂಕದಿಂದ ದೊರೆತ ಅಂಕ, ಈ ಮೂರು ಅಳತೆಗಳು ಕೈಗೆ ಸಿಕ್ಕರೆ ಅವರ ಸ್ಪರ್ಧೆ ಇಪ್ಪತ್ತೈದರವರ ಸ್ಪರ್ಧೆಯಷ್ಟೇ ನೈಜವಾಗುತ್ತದೆ. ದಾರಿಯನ್ನು ಅರ್ಧಕ್ಕೆ ಮೊಟಕುಗೊಳಿಸಿ ಹಿರಿಯರ ಓಟವೆಂದು ಹೆಸರಿಟ್ಟಾಗ ಈ ಹೋಲಿಕೆಯೇ ಸತ್ತುಹೋಗುತ್ತದೆ.

ಮಹಿಳೆಯರ ವಿಷಯದಲ್ಲಿ ಹಿಂತಿರುಗುವಿಕೆಯ ಪ್ರಶ್ನೆ ಇನ್ನೊಂದು ರೂಪ ತಾಳುತ್ತದೆ. ಶಾಲಾ ಕ್ರೀಡಾಕೂಟದಲ್ಲಿ ಓಡಿದ್ದ ಅನೇಕ ಹುಡುಗಿಯರ ಓಟ ಮದುವೆಯೊಂದಿಗೆ ನಿಂತುಹೋಗುತ್ತದೆ. ಶಾಲೆಯನ್ನೇ ಬೇಗ ಬಿಟ್ಟವರಿಗೆ ಹಿಂತಿರುಗಲು ಓಟವೇ ಇರುವುದಿಲ್ಲ. ಮಕ್ಕಳು ದೊಡ್ಡವರಾಗಿ ಮನೆಯ ಹೊಣೆ ತುಸು ಹಗುರಾಗುವ ನಲವತ್ತೈದರ ಆಚೆಗೇ ಅವರಿಗೆ ತಮ್ಮದೆನ್ನುವ ಬೆಳಗು ಸಿಗಬಹುದು. ಆ ವಯಸ್ಸಿಗೆ ಓಟದ ಬಾಗಿಲು ಮುಚ್ಚುವುದೆಂದರೆ, ಪುರುಷರಿಗೆ ಎರಡನೆಯ ಅವಕಾಶವನ್ನು ನಿರಾಕರಿಸಿದಂತೆ, ಮಹಿಳೆಯರಿಗೆ ಮೊದಲನೆಯದನ್ನೇ ನಿರಾಕರಿಸಿದಂತೆ.

ಇಷ್ಟರ ಮೇಲೂ ಹಣ ಮತ್ತು ಅನುಕೂಲದ ಆಕ್ಷೇಪ ಉಳಿಯುತ್ತದೆ: ಸಣ್ಣ ಊರಿನ ಸಂಘಟಕರಿಗೆ ಹತ್ತಾರು ವಿಭಾಗಗಳಿಗೆ ಬಹುಮಾನ ಹೊಂದಿಸುವ ಶಕ್ತಿಯಿಲ್ಲ ಎಂಬುದು. ಆದರೆ ವಿಂಗಡಣೆಗೆ ಬೇಕಾಗಿರುವುದು ಬಹುಮಾನಕ್ಕಿಂತ ಮೊದಲು ದಾಖಲೆ. ಚೆಸ್ಟ್ ನಂಬರಿನೊಂದಿಗೆ ಹುಟ್ಟಿದ ವರ್ಷವನ್ನು ಬರೆದುಕೊಳ್ಳುವುದು, ಮೊದಲ ಮೂವರದಷ್ಟೇ ಅಲ್ಲದೆ ಮುಗಿಸಿದ ಎಲ್ಲರ ಸಮಯವನ್ನು ಗುರುತಿಸುವುದು, ವರ್ಗವಾರು ಪಟ್ಟಿಯನ್ನು ಪ್ರಕಟಿಸುವುದು, ವರ್ಷ ವರ್ಷವೂ ಅದೇ ಅಳೆದ ದಾರಿಯನ್ನು ಉಳಿಸಿಕೊಳ್ಳುವುದು, ಇವುಗಳಿಗೆ ಒಂದು ಗಡಿಯಾರ ಮತ್ತು ನಾಲ್ವರು ಶ್ರದ್ಧೆಯ ಸ್ವಯಂಸೇವಕರು ಸಾಕು. ಬೀದರದ ಬೇಸಿಗೆ ಓಟಕ್ಕೆ ತಕ್ಕದ್ದಲ್ಲ. ಡಿಸೆಂಬರ್ ಜನವರಿಯ ತಣ್ಣನೆಯ ಮುಂಜಾನೆ ಎಲ್ಲ ವಯಸ್ಸಿನವರಿಗೂ ಹಿತ. ಕೊನೆಯವರು ಮುಗಿಸುವವರೆಗೆ ನೀರು, ಆಂಬುಲೆನ್ಸ್, ವಾಹನ ತಡೆಯುವ ಪೊಲೀಸರು ಇರಬೇಕೆಂಬುದು ಹಿರಿಯರಿಗಾಗಿ ಮಾಡುವ ವಿಶೇಷ ಉಪಕಾರವೇನಲ್ಲ, ರಸ್ತೆಯ ಮೇಲೆ ನಡೆಯುವ ಯಾವುದೇ ಓಟದ ಕನಿಷ್ಠ ಶಿಸ್ತು.

ಹದಿನೆಂಟರಿಂದ ಇಪ್ಪತ್ತೈದರವರು ಮಾತ್ರ ಸ್ಪರ್ಧಿಗಳಾಗಿ, ಉಳಿದವರೆಲ್ಲ ಚಪ್ಪಾಳೆ ತಟ್ಟುವವರೋ ಚಪ್ಪಾಳೆ ಪಡೆಯುವವರೋ ಆಗಿರುವ ಓಟ ಭರ್ತಿಯ ತಾಲೀಮು ಆಗಬಲ್ಲುದು. ಅದಕ್ಕೆ ಅದರದೇ ಉಪಯೋಗವೂ ಇದೆ. ಆದರೆ ಊರಿನ ಹೆಸರಿನಲ್ಲಿ ನಡೆಯುವ ಓಟ, ಊರಿನಲ್ಲಿ ಬಾಳುವ ಎಲ್ಲ ವಯಸ್ಸಿನವರ ಕಾಲುಗಳನ್ನೂ ಒಂದೇ ದಾರಿಯಲ್ಲಿ, ಅವರವರ ನ್ಯಾಯವಾದ ಅಳತೆಯಲ್ಲಿ ಅಳೆಯಬೇಕು. ಪ್ರವೇಶ ಅರ್ಜಿಯಲ್ಲಿ ವಯಸ್ಸಿನ ಕಾಲಂ ಈಗಾಗಲೇ ಇದೆ. ಅದನ್ನು ತಡೆಯಲು ಬಳಸಬೇಕೋ ವಿಂಗಡಿಸಲು ಬಳಸಬೇಕೋ ಎಂಬುದೊಂದೇ ಸಂಘಟಕರು ತೀರ್ಮಾನಿಸಬೇಕಾದ ಸಂಗತಿ.